ಪೋಸ್ಟ್‌ಗ್ರೆಸ್‌ನ 'ಡಿಫರೆಬಲ್' ಯುನೀಕ್: ಬಳಸಿ ನೋಡಿದ್ಮೇಲೆ ಅನ್ಸಿದ್ದು, ಜೊತೆಗೆ ಮಿಕ್ಕ ಡೇಟಾಬೇಸ್‌ಗಳ ಬಗ್ಗೆ ನಾಲ್ಕು ಮಾತು

ಮೊದ್ಲೇ ಹೇಳ್ಬಿಡ್ತೀನಿ, ಇದು ಇಡೀ ಪೋಸ್ಟ್‌ಗ್ರೆಸ್ ರಿವ್ಯೂ ಅಲ್ಲ, ಅದರಲ್ಲಿರೋ ಒಂದೇ ಒಂದು ಫೀಚರ್‌ದು. ಯುನೀಕ್ ಕನ್‌ಸ್ಟ್ರೈಂಟ್ (ಒಂದು ಕಾಲಂನಲ್ಲಿ ಒಂದೇ ಬೆಲೆ ಎರಡು ಸಲ ಬರಬಾರ್ದು ಅನ್ನೋ ನಿಯಮ) ಬರೆಯುವಾಗ ಕೊನೇಲಿ 'ಡಿಫರೆಬಲ್' (ಆ ಚೆಕ್‌ನ ಮುಂದೂಡ್ಬಹುದು) ಅಂತ ಒಂದು ಪದ ಸೇರಿಸ್ಬಹುದು, 2010ರಲ್ಲಿ 9.0 ಬಂದಾಗ್ಲಿಂದ ಇದೆ, ಆದ್ರೂ ವರ್ಷಗಟ್ಲೆ ಪೋಸ್ಟ್‌ಗ್ರೆಸ್ ಬಳಸ್ತಿರೋ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ, ಫಾರಿನ್ ಕೀಗೆ (ಒಂದು ಟೇಬಲ್‌ನಿಂದ ಇನ್ನೊಂದರ ಸಾಲನ್ನ ತೋರಿಸೋ ಕೊಂಡಿ) ಮಾತ್ರ ಇರೋದು ಅಂದ್ಕೊಂಡಿರ್ತಾರೆ. ನನ್ನ ಕಡೆಯಿಂದ 5ಕ್ಕೆ 4 ಸ್ಟಾರ್. ಪೋಸ್ಟ್‌ಗ್ರೆಸ್‌ನ ಮಾಮೂಲಿ ಯುನೀಕ್‌ಗೆ ಇದೇ ವಿಷ್ಯದಲ್ಲಿ 2 ಕೊಡ್ತೀನಿ, ಯಾಕೆ ಅಂತ ಮುಂದೆ ಬರುತ್ತೆ, ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ.

ವಿಷ್ಯ ಏನಪ್ಪಾ ಅಂದ್ರೆ, ಹಾಡಿನ ಪ್ಲೇಲಿಸ್ಟ್ ಇಡೋ ಒಂದು ಟೇಬಲ್ ಅಂದ್ಕೊಳ್ಳಿ, ಹೆಸರು 'ಪಟ್ಟಿ'. ಅದ್ರಲ್ಲಿ 'ಕ್ರಮ' ಅಂತ ಒಂದು ಕಾಲಂ, ಎರಡು ಹಾಡಿಗೆ ಒಂದೇ ನಂಬರ್ ಬರಬಾರ್ದು ಅಂತ ಯುನೀಕ್ ಹಾಕಿದೀವಿ. ಸರಿಯಾದ ಕೆಲಸವೇ. ಈಗ ಬಳಕೆದಾರ ಹೊಸ ಹಾಡೊಂದನ್ನ ಎಳ್ಕೊಂಡ್ ಬಂದು ಎಲ್ಲಕ್ಕಿಂತ ಮೇಲೆ ಬಿಡ್ತಾನೆ. ಇರೋ ಹಾಡೆಲ್ಲ ಒಂದೊಂದು ಕೆಳಗೆ ಸರೀಬೇಕು. ಕೋಡಲ್ಲಿ ಒಂದೇ ಸಾಲು: ಅಪ್‌ಡೇಟ್ ಪಟ್ಟಿ ಸೆಟ್ ಕ್ರಮ = ಕ್ರಮ + 1. ಮೊದಲು 1, 2, 3 ಇತ್ತು, ಆಮೇಲೆ 2, 3, 4 ಆಗುತ್ತೆ. ಮೊದಲೂ ಡೂಪ್ಲಿಕೇಟ್ ಇಲ್ಲ, ಆಮೇಲೂ ಇಲ್ಲ. ತಕರಾರಿಗೆ ಜಾಗವೇ ಇಲ್ಲ ಅಲ್ವಾ?

ಪೋಸ್ಟ್‌ಗ್ರೆಸ್ ತಕರಾರು ಮಾಡುತ್ತೆ. 23505, ಡೂಪ್ಲಿಕೇಟ್ ಕೀ, ಕ್ರಮ 2 ಆಗ್ಲೇ ಇದೆ, ನಮಸ್ಕಾರ.

ಯಾಕಂದ್ರೆ ಮಾಮೂಲಿ ಯುನೀಕ್ ಅಲ್ಲಿ ಒಂದೊಂದೇ ರೋಗೆ (ಟೇಬಲ್‌ನ ಒಂದು ಸಾಲು) ಚೆಕ್ ಆಗುತ್ತೆ, ಸ್ಟೇಟ್‌ಮೆಂಟ್ ಮುಗಿಯೋವರೆಗೂ ಕಾಯಲ್ಲ. ಮೊದಲನೇ ರೋ 1 ಇದ್ದಿದ್ದು 2 ಆಗೋಕೆ ಹೋಗುತ್ತೆ, ಆ ಕ್ಷಣಕ್ಕೆ ಹಳೇ 2 ಇನ್ನೂ ಅಲ್ಲೇ ಕೂತಿದೆ, ಮುಗೀತು. ಸಾಲಾಗಿ ಕೂತಿರೋರಿಗೆ ಎಲ್ರೂ ಒಂದೊಂದು ಕುರ್ಚಿ ಪಕ್ಕಕ್ಕೆ ಸರೀರಿ ಅಂದಾಗ ಮೊದಲನೇವನು ಎದ್ದು ಪಕ್ಕದ ಕುರ್ಚಿ ನೋಡಿ 'ಇಲ್ಲಿ ಯಾರೋ ಇದಾರಲ್ರೀ' ಅಂತ ಗಲಾಟೆ ತೆಗೆದು ಇಡೀ ಕಾರ್ಯಕ್ರಮ ಕ್ಯಾನ್ಸಲ್ ಮಾಡಿಸಿದ ಹಾಗೆ.

ಇದಕ್ಕಿಂತ ತಲೆ ಕೆಡಿಸೋದು ಇನ್ನೊಂದಿದೆ. ಅದೇ ಟೇಬಲ್‌ಗೆ ರೋಗಳನ್ನ 3, 2, 1 ಅಂತ ಉಲ್ಟಾ ಇನ್ಸರ್ಟ್ ಮಾಡಿ ಅದೇ ಅಪ್‌ಡೇಟ್ ಓಡಿಸಿ ನೋಡಿ, ಆರಾಮಾಗಿ ಪಾಸ್ ಆಗುತ್ತೆ! ಸ್ಕ್ಯಾನ್ ಮಾಡೋವಾಗ ಮೊದಲು 3 ಸಿಗುತ್ತೆ, ಅದು 4 ಆಗುತ್ತೆ, ಜಾಗ ಖಾಲಿ, ಆಮೇಲೆ 2 ಹೋಗಿ 3 ಆಗುತ್ತೆ, ಹೀಗೆ. ಅಂದ್ರೆ ನಿಮ್ಮ ಕ್ವೆರಿ ಸರಿ ಇದ್ಯಾ ತಪ್ಪಾ ಅನ್ನೋದು ಡಿಸ್ಕ್ ಮೇಲೆ ರೋಗಳು ಯಾವ ಕ್ರಮದಲ್ಲಿ ಬಿದ್ದಿವೆ ಅನ್ನೋದರ ಮೇಲೆ ನಿಂತಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಆದಾಗೆಲ್ಲ ರೋನ ಹೊಸ ಪ್ರತಿ ಬೇರೆ ಜಾಗದಲ್ಲಿ ಬರೆಯುತ್ತೆ, ವ್ಯಾಕ್ಯೂಮ್ (ಹಳೇ ಪ್ರತಿಗಳನ್ನ ಗುಡಿಸೋ ಕೆಲಸ) ಆದ್ಮೇಲೆ ಖಾಲಿಯಾದ ಜಾಗದಲ್ಲಿ ಇನ್ಯಾವುದೋ ಬಂದು ಕೂರುತ್ತೆ, ಹಾಗಾಗಿ ಡೆವಲಪರ್ ಮಷೀನಲ್ಲಿ ಹಸಿರು ಟಿಕ್ ಬಿದ್ದ ಟೆಸ್ಟು ಪ್ರೊಡಕ್ಷನಲ್ಲಿ ಯಾವತ್ತೋ ಒಂದಿನ, ಅದೂ ಕೆಲವು ಬಳಕೆದಾರರಿಗೆ ಮಾತ್ರ, ಎರರ್ ಕೊಡೋಕೆ ಶುರು ಮಾಡುತ್ತೆ. ಇಂಥ ಬಗ್‌ನ ಮತ್ತೆ ತರಿಸಿ ತೋರಿಸು ಅಂದ್ರೆ ತೋರ್ಸೋಕೂ ಆಗಲ್ಲ. ಎಸ್‌ಕ್ಯುಎಲ್ ಅಂದ್ರೆ ಸೆಟ್ ಲೆಕ್ಕದಲ್ಲಿ ಯೋಚನೆ ಮಾಡಿ, ಯಾವ ಆರ್ಡರಲ್ಲಿ ಮಾಡ್ಬೇಕು ಅನ್ನೋದು ನಮಗೆ ಬಿಡಿ ಅಂತ ಡೇಟಾಬೇಸ್‌ಗಳೇ ನಮಗೆ ಪಾಠ ಹೇಳ್ತವೆ, ಆಮೇಲೆ ಇಲ್ಲಿ ಬಂದು ಆರ್ಡರ್ ತಪ್ಪಾಯ್ತು ಅಂತ ನಮ್ಮ ಮುಖಕ್ಕೆ ಎಸೀತವೆ. ಆ 2 ಸ್ಟಾರ್ ಇದಕ್ಕೇ.

ಎಸ್‌ಕ್ಯುಎಲ್ ಸ್ಟ್ಯಾಂಡರ್ಡ್ ಪ್ರಕಾರ ಇಮೀಡಿಯೇಟ್ ಅಂದ್ರೂ ಸ್ಟೇಟ್‌ಮೆಂಟ್ ಮುಗಿದ ಮೇಲೆ ಚೆಕ್ ಮಾಡ್ಬೇಕು ಅಂತಲೇ ಅರ್ಥ, ರೋ ರೋಗೆ ಅಲ್ಲ. ಡಿಫರ್ಡ್ ಅಂದ್ರೆ ಕಮಿಟ್ ಹೊತ್ತಿಗೆ, ಅಂದ್ರೆ ಟ್ರಾನ್ಸಾಕ್ಷನ್ (ಒಟ್ಟಿಗೆ ಆಗ್ಬೇಕಾದ ಕೆಲಸಗಳ ಕಟ್ಟು) ಮುಗಿಸಿ ಖಾಯಂ ಮಾಡೋವಾಗ. ಈ ಡಿಫರೆಬಲ್, ಇನಿಶಿಯಲಿ ಡಿಫರ್ಡ್, ಸೆಟ್ ಕನ್‌ಸ್ಟ್ರೈಂಟ್ಸ್ ಎಲ್ಲ 1992ರ ಸ್ಟ್ಯಾಂಡರ್ಡಲ್ಲೇ ಇರೋ ಮಾತು, ಹೊಸದೇನಲ್ಲ. ಪೋಸ್ಟ್‌ಗ್ರೆಸ್ ಡಾಕ್ಯುಮೆಂಟೇಶನಲ್ಲಿ ಇದನ್ನ ಮುಚ್ಚಿಟ್ಟಿಲ್ಲ, ನಮ್ಮ ಡಿಫಾಲ್ಟ್ ಸ್ಟ್ಯಾಂಡರ್ಡ್ ಥರ ಇಲ್ಲ, ಸ್ಟ್ಯಾಂಡರ್ಡ್ ಥರ ಬೇಕಿದ್ರೆ ಡಿಫರೆಬಲ್ ಇನಿಶಿಯಲಿ ಇಮೀಡಿಯೇಟ್ ಅಂತ ಬರೀರಿ, ಆದ್ರೆ ಸ್ಪೀಡ್ ಗಮನಾರ್ಹವಾಗಿ ಕಮ್ಮಿ ಆಗ್ಬಹುದು ಅಂತ ನೇರವಾಗಿ ಬರೆದಿದಾರೆ. ಪ್ರಾಮಾಣಿಕತೆಗೆ ಫುಲ್ ಮಾರ್ಕ್ಸ್.

ಅವರು ಹಾಗೆ ಮಾಡಿರೋದಕ್ಕೆ ಕಾರಣ ಇಲ್ಲ ಅಂತೇನಿಲ್ಲ. ಯುನೀಕ್ ಚೆಕ್ ಅಲ್ಲಿ ಬೇರೆ ಕೆಲಸ ಅಲ್ವೇ ಅಲ್ಲ, ಬಿ-ಟ್ರೀ ಇಂಡೆಕ್ಸ್‌ಗೆ (ಬೇಗ ಹುಡುಕೋಕೆ ಕೀಗಳನ್ನ ಸಾಲಾಗಿ ಜೋಡಿಸಿಟ್ಟ ಸೂಚಿ) ಹೊಸ ಎಂಟ್ರಿ ಹಾಕೋವಾಗ್ಲೇ ನಡೆಯುತ್ತೆ. ಆ ಕೀ ಬರಬೇಕಾದ ಪೇಜ್ ಹುಡುಕಿ ಅದಕ್ಕೆ ಲಾಕ್ ಹಾಕ್ಕೊಂಡಿರುತ್ತಲ್ಲ, ಅದೇ ಕೈಯಲ್ಲಿ ಪಕ್ಕದಲ್ಲಿ ಇಂಥದ್ದೇ ಇನ್ನೊಂದಿದ್ಯಾ ಅಂತ ನೋಡ್ಬಿಟ್ರೆ ಆಯ್ತು, ಹೆಚ್ಚು ಕಮ್ಮಿ ಪುಕ್ಕಟೆ. ಮಧ್ಯೆ ಇನ್ನೊಬ್ಬ ನುಗ್ಗೋಕೂ ಆಗಲ್ಲ. ಫಾರಿನ್ ಕೀ ಚೆಕ್ ಹಾಗಲ್ಲ, ಅದು ಮೊದಲಿಂದ್ಲೂ ಟ್ರಿಗರ್ ಥರ ಆಮೇಲೆ ಓಡೋದು, ಹಾಗಾಗಿ ಅದನ್ನ ಮುಂದಕ್ಕೆ ಹಾಕೋದು ಸುಲಭ. ಯುನೀಕ್ ಇಂಡೆಕ್ಸ್ ಹೊಟ್ಟೆ ಒಳಗೇ ಇರೋದ್ರಿಂದ ಅದನ್ನ ಹೊರಗೆ ತೆಗೆಯೋಕೆ ಇಷ್ಟು ವರ್ಷ ಬೇಕಾಯ್ತು ಅನ್ಸುತ್ತೆ.

ಡಿಫರೆಬಲ್ ಹಾಕಿದ್ರೆ ಏನಾಗುತ್ತೆ ಅಂದ್ರೆ, ಇದು ನನಗೆ ತುಂಬಾ ಇಷ್ಟ ಆದ ಭಾಗ, ಇಂಡೆಕ್ಸ್‌ಗೆ ಎಂಟ್ರಿ ಹಾಕೋವಾಗ ಡೂಪ್ಲಿಕೇಟ್ ಥರ ಕಾಣ್ತು ಅಂದ್ರೆ ಎರರ್ ಹೊಡೆಯೋ ಬದ್ಲು 'ಇದನ್ನ ಆಮೇಲೆ ಇನ್ನೊಂದ್ಸಲ ನೋಡ್ಬೇಕು' ಅಂತ ಗುರುತು ಹಾಕ್ಕೊಂಡು ಮುಂದೆ ಹೋಗುತ್ತೆ. ಡೂಪ್ಲಿಕೇಟ್ ಥರ ಕಾಣದೇ ಇರೋದಕ್ಕೆ ಯಾವ ಗುರುತೂ ಇಲ್ಲ, ಅದರ ಖರ್ಚೂ ಇಲ್ಲ. ಸ್ಟೇಟ್‌ಮೆಂಟ್ ಮುಗಿದಾಗ, ಇಲ್ಲಾಂದ್ರೆ ಕಮಿಟ್ ಆಗೋವಾಗ, ಗುರುತು ಹಾಕಿದ್ದನ್ನ ಮಾತ್ರ ಮತ್ತೆ ಚೆಕ್ ಮಾಡುತ್ತೆ. ಅಂದ್ರೆ ದಿನನಿತ್ಯದ ಮಾಮೂಲಿ ಇನ್ಸರ್ಟ್‌ಗಳಿಗೆ ಇದರಿಂದ ಹೇಳ್ಕೊಳ್ಳೋ ಥರ ತೊಂದ್ರೆ ಇಲ್ಲ. ಬೆಲೆ ಬೀಳೋದು ಯಾವಾಗ ಅಂದ್ರೆ ನಾವು ಮೇಲೆ ಮಾಡಿದ್ವಲ್ಲ ಅಂಥ ಎಲ್ಲಾ ಸರಿಸೋ ಅಪ್‌ಡೇಟ್‌ನಲ್ಲಿ. ಅಲ್ಲಿ ಹೆಚ್ಚುಕಮ್ಮಿ ಪ್ರತಿ ರೋನೂ ಪಕ್ಕದವನ ಜಾಗಕ್ಕೇ ಹೋಗೋದು, ಪ್ರತಿಯೊಂದಕ್ಕೂ ಗುರುತು, ಆ ಗುರುತಿನ ಕ್ಯೂ ಎಲ್ಲ ಮೆಮೊರಿಯಲ್ಲಿ. ಪ್ಲೇಲಿಸ್ಟಲ್ಲಿ ಕೆಲವು ನೂರು ಹಾಡಿದ್ರೆ ಏನೂ ಗೊತ್ತಾಗಲ್ಲ. ಲಕ್ಷಗಟ್ಲೆ ರೋ ಒಟ್ಟಿಗೆ ಸರಿಸ್ತೀರಾ ಅಂದ್ರೆ ಗೊತ್ತಾಗುತ್ತೆ, ಆದ್ರೆ ಅಷ್ಟೊಂದು ರೋನ ಒಂದೊಂದು ಸ್ಥಾನ ಸರಿಸೋ ಡಿಸೈನ್ ಯಾಕೆ ಇದೆ ಅಂತ ಮೊದಲು ಕೇಳ್ಕೊಳ್ಳಿ.

ಈಗ ಇದರಲ್ಲೇ ಎರಡು ಮಾಡೆಲ್. ಇನಿಶಿಯಲಿ ಇಮೀಡಿಯೇಟ್ ಮತ್ತೆ ಇನಿಶಿಯಲಿ ಡಿಫರ್ಡ್. ಬಹಳ ಜನ ಹೇಗೂ ಡಿಫರೆಬಲ್ ಅಂತ ಬರೆದಾಯ್ತಲ್ಲ ಅಂತ ಎರಡನೇದನ್ನ ಹಾಕ್ಬಿಡ್ತಾರೆ. ನನ್ನ ಪ್ರಕಾರ 100ಕ್ಕೆ 95 ಕಡೆ ಮೊದಲನೇದೇ ಸಾಕು, ಅದೇ ಸರಿ. ಒಂದು ಸ್ಟೇಟ್‌ಮೆಂಟ್ ಪೂರ್ತಿ ಆದ್ಮೇಲೆ ಚೆಕ್ ಆಗುತ್ತೆ, ಸರಿಸೋದು ನಡೆಯುತ್ತೆ, ಅದಲು ಬದಲು ಮಾಡೋದೂ ಒಂದೇ ಸ್ಟೇಟ್‌ಮೆಂಟಲ್ಲಿ ಕೇಸ್ ಹಾಕಿ ನಡೆಯುತ್ತೆ (ಕ್ರಮ 2 ಇದ್ರೆ 3, 3 ಇದ್ರೆ 2), ಎರರ್ ಬಂದ್ರೆ ಯಾವ ಕ್ವೆರಿಯಿಂದ ಬಂತು ಅಂತ ಅಲ್ಲೇ ಗೊತ್ತಾಗುತ್ತೆ.

ಡಿಫರ್ಡ್ ಮಾಡ್ಕೊಂಡ್ರೆ ಈ ಕೊನೇ ಅನುಕೂಲ ಹೋಯ್ತು. ಎರರ್ ಬರೋದು ಕಮಿಟ್ ಮಾಡೋವಾಗ. ಕಮಿಟ್ ಅಂದ್ರೆ ಸಾಮಾನ್ಯವಾಗಿ ಫ್ರೇಮ್‌ವರ್ಕ್ ಎಲ್ಲೋ ಹೊರಗಿನ ಪದರದಲ್ಲಿ ತಾನೇ ಮಾಡ್ಕೊಳ್ಳೋ ಕೆಲಸ, ನೀವು ಇನ್ಸರ್ಟ್ ಸುತ್ತ ಹಾಕಿರೋ ಎಕ್ಸೆಪ್ಷನ್ ಹಿಡಿಯೋ ಕೋಡ್ ಅದನ್ನ ನೋಡೋದೇ ಇಲ್ಲ. ಬಳಕೆದಾರನಿಗೆ 'ಈ ಹೆಸರು ಆಗ್ಲೇ ಇದೆ, ಬೇರೆ ಕೊಡಿ' ಅಂತ ಚೆಂದಾಗಿ ಹೇಳ್ಬೇಕಿದ್ದ ಜಾಗದಲ್ಲಿ 500 ಎರರ್ ಪೇಜ್. ಜಾಂಗೋ ಅನ್ನೋ ಪೈಥಾನ್ ಫ್ರೇಮ್‌ವರ್ಕಲ್ಲಿ 3.1ರಿಂದ, ಅಂದ್ರೆ 2020ರಿಂದ, ಯುನೀಕ್ ಕನ್‌ಸ್ಟ್ರೈಂಟ್‌ಗೆ ಡಿಫರೆಬಲ್ ಅಂತ ಕೊಡೋ ಸೌಲಭ್ಯ ಇದೆ, ಒಳ್ಳೇದೇ, ಆದ್ರೆ ಅದನ್ನ ಡಿಫರ್ಡ್ ಅಂತ ಇಟ್ಟು ಅದೇ ಮಾಡೆಲ್ ಮೇಲೆ ಗೆಟ್-ಆರ್-ಕ್ರಿಯೇಟ್ (ಇದ್ರೆ ತಗೋ, ಇಲ್ದಿದ್ರೆ ಹೊಸದು ಮಾಡು) ಕರೆದ್ರೆ ಅದರ ಇಡೀ ಐಡಿಯಾನೇ ಕೆಲಸ ಮಾಡಲ್ಲ, ಯಾಕಂದ್ರೆ ಅದು ಕ್ರಿಯೇಟ್ ಮಾಡೋ ಹೊತ್ತಿಗೆ ಎರರ್ ಬರುತ್ತೆ, ಬಂದ್ರೆ ಮತ್ತೆ ಗೆಟ್ ಮಾಡೋಣ ಅಂತ ಕಾಯ್ತಾ ಇರುತ್ತೆ, ಎರರ್ ಬರೋದೋ ಇನ್ನೆಲ್ಲೋ ಇನ್ಯಾವಾಗ್ಲೋ.

ಎರಡು ಸೆಷನ್ ಜೊತೆಗೆ ಓಡೋವಾಗ ನೋಡಿ, ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತೆ. ಒಂದು ಟರ್ಮಿನಲಲ್ಲಿ ಬಿಗಿನ್ ಹೊಡೆದು ಕ್ರಮ 5 ಇನ್ಸರ್ಟ್ ಮಾಡಿ, ಕಮಿಟ್ ಮಾಡ್ಬೇಡಿ. ಇನ್ನೊಂದರಲ್ಲೂ ಬಿಗಿನ್, ಅದೇ 5. ಮಾಮೂಲಿ ಯುನೀಕ್ ಇದ್ರೆ ಎರಡನೇವ್ನು ಇನ್ಸರ್ಟಲ್ಲೇ ನಿಂತ್ಬಿಡ್ತಾನೆ, ಕರ್ಸರ್ ಮಿಣಮಿಣ ಅಂತಿರುತ್ತೆ, ಮೊದಲನೇವ್ನು ಕಮಿಟ್ ಮಾಡಿದ್ರೆ ಎರರ್, ರೋಲ್‌ಬ್ಯಾಕ್ ಮಾಡಿದ್ರೆ ದಾರಿ ಬಿಡ್ತು. ಡಿಫರ್ಡ್ ಇದ್ರೆ ಎರಡನೇವ್ನ ಇನ್ಸರ್ಟ್ ಏನೂ ಆಗಿಲ್ಲ ಅನ್ನೋ ಥರ ತಕ್ಷಣ ಮುಗಿಯುತ್ತೆ, ಅವನು ಮುಂದಿನ ಕೆಲಸ ಎಲ್ಲ ಮಾಡ್ಕೊಂಡು, ಇನ್ನೂ ನಾಲ್ಕಾರು ಟೇಬಲ್ ಮುಟ್ಟಿ, ಕೊನೆಗೆ ಕಮಿಟ್ ಅಂದಾಗ ಅಲ್ಲಿ ನಿಂತು ಕಾಯ್ತಾನೆ, ಆಮೇಲೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕಾಯೋದು ತಪ್ಪೋದಿಲ್ಲ, ಬೇರೆ ಕಡೆಗೆ ಹೋಗುತ್ತೆ ಅಷ್ಟೇ, ಅದೂ ಲಾಕುಗಳನ್ನೆಲ್ಲ ಹಿಡ್ಕೊಂಡು ಕಾಯೋದು.

ಹಾಗಂತ ಡಿಫರ್ಡ್ ವೇಸ್ಟ್ ಅಲ್ಲ. ಒಂದೇ ಸ್ಟೇಟ್‌ಮೆಂಟಲ್ಲಿ ಮುಗಿಸೋಕೆ ಆಗದೇ ಇರೋ ಕೆಲಸ ಇರ್ತವಲ್ಲ, ಉದಾಹರಣೆಗೆ ಓಆರ್‌ಎಂ (ಕೋಡಿನ ಆಬ್ಜೆಕ್ಟ್‌ಗಳನ್ನ ಟೇಬಲ್‌ಗೆ ಹೊಂದಿಸೋ ಲೈಬ್ರರಿ) ಬಳಸೋರಿಗೆ ಇದು ಚೆನ್ನಾಗ್ ಗೊತ್ತಿರುತ್ತೆ, ಹೈಬರ್ನೇಟ್ ಅನ್ನೋ ಜಾವಾ ಲೈಬ್ರರಿ ಫ್ಲಶ್ ಮಾಡೋವಾಗ (ಬಾಕಿ ಬದಲಾವಣೆಗಳನ್ನ ಡೇಟಾಬೇಸ್‌ಗೆ ಕಳಿಸೋವಾಗ) ಇನ್ಸರ್ಟ್‌ಗಳನ್ನ ಮೊದಲು ಕಳಿಸುತ್ತೆ, ಡಿಲೀಟ್‌ಗಳನ್ನ ಕೊನೆಗೆ ಕಳಿಸುತ್ತೆ, ನೀವು ಕೋಡಲ್ಲಿ ಮೊದಲು ಹಳೇದನ್ನ ಅಳಿಸಿ ಆಮೇಲೆ ಅದೇ ಕೋಡ್ ನಂಬರ್ ಇರೋ ಹೊಸದನ್ನ ಸೇರಿಸಿದ್ರೂ ಡೇಟಾಬೇಸ್‌ಗೆ ಹೋಗೋದು ಉಲ್ಟಾ, ಯುನೀಕ್ ಎರರ್ ಗ್ಯಾರಂಟಿ. ಮಧ್ಯೆ ಕೈಯಾರೆ ಒಂದು ಫ್ಲಶ್ ಹಾಕಿ ಬಚಾವಾಗೋರು ಬಹಳ ಜನ. ಕನ್‌ಸ್ಟ್ರೈಂಟ್ ಡಿಫರ್ಡ್ ಆಗಿದ್ರೆ ಆ ಗೋಳೇ ಇಲ್ಲ. ಹಾಗೇ ಬೇರೆ ಸಿಸ್ಟಮ್‌ನಿಂದ ಬರೋ ಬದಲಾವಣೆಗಳನ್ನ ಒಂದೊಂದಾಗಿ ಹಚ್ಚೋವಾಗ, ಎರಡು ರೋಗಳ ಕೋಡ್ ಅದಲು ಬದಲಾಗಿದ್ರೆ ಎರಡು ಬೇರೆ ಬೇರೆ ಅಪ್‌ಡೇಟ್ ಆಗೇ ಬರ್ತವೆ, ಅಲ್ಲಿ ಕಮಿಟ್‌ವರೆಗೂ ಕಾಯದೆ ಗತಿ ಇಲ್ಲ.

ಅದಕ್ಕೂ ನನ್ನ ಸಲಹೆ ಏನಂದ್ರೆ ಡಿಫಾಲ್ಟ್ ಇಮೀಡಿಯೇಟ್ ಇಟ್ಕೊಳ್ಳಿ, ಬೇಕಾದ ಟ್ರಾನ್ಸಾಕ್ಷನಲ್ಲಿ ಮಾತ್ರ 'ಸೆಟ್ ಕನ್‌ಸ್ಟ್ರೈಂಟ್ಸ್ ಇಂಥದ್ದು ಡಿಫರ್ಡ್' ಅನ್ನಿ, ಕೆಲಸ ಮುಗಿದ ತಕ್ಷಣ, ಕಮಿಟ್‌ಗೂ ಮುಂಚೆ, ಅದನ್ನೇ 'ಇಮೀಡಿಯೇಟ್' ಅಂತ ವಾಪಸ್ ತಿರುಗಿಸಿ. ವಾಪಸ್ ತಿರುಗಿಸಿದ ಕ್ಷಣಕ್ಕೆ ಬಾಕಿ ಇರೋ ಚೆಕ್ ಎಲ್ಲ ಅಲ್ಲೇ ಓಡುತ್ತೆ, ಎರರ್ ಇದ್ರೆ ನಿಮ್ಮ ಕೋಡ್ ಕೈಯಲ್ಲೇ ಸಿಗುತ್ತೆ, ಕಮಿಟ್ ಹೊತ್ತಿನ ಶಾಕ್ ಇಲ್ಲ. ಈ ಒಂದು ಟ್ರಿಕ್ ಗೊತ್ತಿದ್ರೆ ಡಿಫರ್ಡ್ ಬಗ್ಗೆ ಇರೋ ಅರ್ಧ ದೂರು ಹೋಗುತ್ತೆ. ಮತ್ತೆ ಬಿಗಿನ್ ಹೊಡೀದೆ ಇದನ್ನ ಓಡಿಸಿದ್ರೆ ಒಂದು ವಾರ್ನಿಂಗ್ ಕೊಟ್ಟು ಸುಮ್ನಾಗುತ್ತೆ, ಏನೂ ಮಾಡಲ್ಲ, ಲಾಗ್ ನೋಡದೇ ಇರೋರಿಗೆ ಗೊತ್ತೂ ಆಗಲ್ಲ.

ಸರಿ, ಆ ಕಟ್ ಆದ ಒಂದು ಸ್ಟಾರ್ ವಿಷ್ಯಕ್ಕೆ ಬರೋಣ. ಡಿಫರೆಬಲ್ ಅಂತ ಬರೆದ ತಕ್ಷಣ ಆ ಕನ್‌ಸ್ಟ್ರೈಂಟ್‌ನ ಪೋಸ್ಟ್‌ಗ್ರೆಸ್ ಎರಡನೇ ದರ್ಜೆ ಪ್ರಜೆ ಥರ ನೋಡೋಕೆ ಶುರು ಮಾಡುತ್ತೆ. ಆನ್ ಕಾನ್‌ಫ್ಲಿಕ್ಟ್ ಬಳಸಿ ಅಪ್‌ಸರ್ಟ್ (ಇಲ್ದಿದ್ರೆ ಇನ್ಸರ್ಟ್, ಇದ್ರೆ ಅಪ್‌ಡೇಟ್) ಮಾಡೋಕೆ ಅದನ್ನ ಗುರಿ ಮಾಡಂಗಿಲ್ಲ, ಸೀದಾ ಎರರ್. ಫಾರಿನ್ ಕೀ ಅದನ್ನ ತೋರಿಸಂಗಿಲ್ಲ, ಹಾಗಾಗಿ ಪ್ರೈಮರಿ ಕೀನ ಡಿಫರೆಬಲ್ ಮಾಡೋ ಯೋಚನೆ ಇದ್ರೆ ಈಗ್ಲೇ ಕೈ ಬಿಡಿ, ಬೇರೆ ಟೇಬಲ್‌ಗಳು ಅದನ್ನ ರೆಫರೆನ್ಸ್ ಮಾಡೋಕೆ ಆಗಲ್ಲ. ಲಾಜಿಕಲ್ ರೆಪ್ಲಿಕೇಶನ್‌ಗೆ (ಬದಲಾವಣೆಗಳನ್ನ ಇನ್ನೊಂದು ಡೇಟಾಬೇಸ್‌ಗೆ ಕಳಿಸೋದು) ರೋ ಗುರುತಿಸೋ ಇಂಡೆಕ್ಸ್ ಆಗಿ ಕೊಡಂಗಿಲ್ಲ. ಪ್ಲಾನರ್ (ಕ್ವೆರಿ ಹೇಗೆ ಓಡಿಸ್ಬೇಕು ಅಂತ ಯೋಜನೆ ಹಾಕೋ ಭಾಗ) ಕೂಡ, ಈ ಕಾಲಂ ಯುನೀಕ್ ಇದೆ ಅಂತ ನಂಬಿ ಬೇಡದ ಜಾಯಿನ್ ತೆಗೆದುಹಾಕೋ ಜಾಣತನ ಮಾಡುತ್ತಲ್ಲ, ಡಿಫರೆಬಲ್ ಇದ್ರೆ ಮಾಡಲ್ಲ, ಯಾಕಂದ್ರೆ ಟ್ರಾನ್ಸಾಕ್ಷನ್ ಮಧ್ಯೆ ನಿಜವಾಗ್ಲೂ ಡೂಪ್ಲಿಕೇಟ್ ಇರ್ಬಹುದು. ಈ ಕೊನೇದನ್ನ ನಾನು ತಪ್ಪು ಅಂತ ಹೇಳಲ್ಲ, ನ್ಯಾಯವಾಗೇ ಇದೆ. ಆದ್ರೆ ಬರೀ ಸ್ಟೇಟ್‌ಮೆಂಟ್ ಕೊನೇಲಿ ಚೆಕ್ ಮಾಡು, ಕಮಿಟ್‌ವರೆಗೂ ಎಳೀಬೇಡ ಅನ್ನೋದು ಮಾತ್ರ ಬೇಕಾದವರಿಗೂ ಇದೇ ಪೂರ್ತಿ ಪ್ಯಾಕೇಜ್ ತಗೊಳ್ಳಬೇಕು, ಮಧ್ಯದ ಆಯ್ಕೆ ಇಲ್ಲ. ಅದೊಂದು ಕೊಟ್ಟಿದ್ರೆ 5 ಸ್ಟಾರ್ ಕಣ್ಮುಚ್ಕೊಂಡು ಹಾಕ್ತಿದ್ದೆ.

ಇನ್ನೊಂದು ಕಿರಿಕಿರಿ, ಕ್ರಿಯೇಟ್ ಯುನೀಕ್ ಇಂಡೆಕ್ಸ್ ಅಂತ ಮಾಡಿದ ಇಂಡೆಕ್ಸ್‌ಗೆ ಡಿಫರೆಬಲ್ ಅಂತ ಹಾಕೋಕೆ ಬರಲ್ಲ, ಕನ್‌ಸ್ಟ್ರೈಂಟ್‌ಗೆ ಮಾತ್ರ. ವೇರ್ ಷರತ್ತು ಹಾಕಿದ ಯುನೀಕ್ ಬೇಕಂದ್ರೆ, ಅಂದ್ರೆ ಅಳಿಸಿದ್ದು ಅಂತ ಗುರುತು ಹಾಕಿರೋ ಹಾಡು ಬಿಟ್ಟು ಮಿಕ್ಕವಕ್ಕೆ ಮಾತ್ರ ಕ್ರಮ ಯುನೀಕ್ ಇರ್ಲಿ ಅನ್ನೋ ಥರದ್ದು, ಅದು ಇಂಡೆಕ್ಸಲ್ಲಿ ಮಾತ್ರ ಸಾಧ್ಯ, ಹಾಗಾಗಿ ಡಿಫರೆಬಲ್ ಆಗಲ್ಲ. ಇದಕ್ಕೊಂದು ಹಿಂಬಾಗಿಲು ಇದೆ: ಎಕ್ಸ್‌ಕ್ಲೂಷನ್ ಕನ್‌ಸ್ಟ್ರೈಂಟ್. ಬಿ-ಟ್ರೀ ಮೇಲೇ 'ಕ್ರಮ ವಿತ್ =' ಅಂತ ಬರೆದು, ವೇರ್ ಹಾಕಿ, ಡಿಫರೆಬಲ್ ಅಂತ ಸೇರಿಸಿದ್ರೆ ನಡೆಯುತ್ತೆ. ಡಾಕ್ಯುಮೆಂಟೇಶನಲ್ಲಿ ಬಿ-ಟ್ರೀ ಮೇಲೆ ಎಕ್ಸ್‌ಕ್ಲೂಷನ್ ಹಾಕೋದಕ್ಕೆ ಅರ್ಥ ಇಲ್ಲ, ಮಾಮೂಲಿ ಯುನೀಕ್ ಇದಕ್ಕಿಂತ ಚೆನ್ನಾಗಿ ಮಾಡುತ್ತೆ ಅಂತ ಬರೆದಿದಾರೆ, ಆದ್ರೆ ಷರತ್ತು ಮತ್ತೆ ಡಿಫರ್ ಎರಡೂ ಒಟ್ಟಿಗೆ ಬೇಕು ಅಂದಾಗ ಮಾಮೂಲಿ ಯುನೀಕ್ ಕೈಲಿ ಆಗಲ್ವಲ್ಲ ಸ್ವಾಮಿ.

ಮಿಕ್ಕ ಡೇಟಾಬೇಸ್‌ಗಳು.

ಎಸ್‌ಕ್ಯುಎಲ್ ಸರ್ವರ್ ಈ ವಿಷ್ಯದಲ್ಲಿ ಡಿಫಾಲ್ಟಾಗಿ ಸರಿಯಾಗಿದೆ, ಹೇಳ್ಲೇಬೇಕು. ಕ್ರಮ + 1 ಅಂದ್ರೆ ತುಟಿ ಪಿಟಿಕ್ ಅನ್ನದೆ ಮಾಡಿಕೊಡುತ್ತೆ. ಹೇಗೆ ಅಂತ ಎಕ್ಸಿಕ್ಯೂಷನ್ ಪ್ಲಾನ್ ತೆಗೆದು ನೋಡಿ, ಸ್ಪ್ಲಿಟ್, ಸಾರ್ಟ್, ಕೊಲ್ಯಾಪ್ಸ್ ಅಂತ ಮೂರು ಆಪರೇಟರ್ ಸಾಲಾಗಿ ಕಾಣ್ತವೆ. ಮೊದಲು ಪ್ರತಿ ಅಪ್‌ಡೇಟನ್ನ ಒಂದು ಡಿಲೀಟ್ ಒಂದು ಇನ್ಸರ್ಟ್ ಅಂತ ಒಡೆಯುತ್ತೆ. ಆಮೇಲೆ ಕೀ ಪ್ರಕಾರ ಸಾರ್ಟ್ ಮಾಡುತ್ತೆ, ಒಂದೇ ಕೀಗೆ ಡಿಲೀಟ್ ಇನ್ಸರ್ಟ್ ಎರಡೂ ಇದ್ರೆ ಡಿಲೀಟ್ ಮೊದಲು ಬರೋ ಹಾಗೆ. ಕೊನೆಗೆ ಅಕ್ಕಪಕ್ಕ ಬಂದ ಜೋಡಿನ ಮತ್ತೆ ಒಂದು ಅಪ್‌ಡೇಟ್ ಮಾಡಿ ಕುಗ್ಗಿಸುತ್ತೆ. ನಮ್ಮ ಪಟ್ಟಿಲಿ ಹೇಳೋದಾದ್ರೆ ಇಂಡೆಕ್ಸ್ ಮಟ್ಟದಲ್ಲಿ 1 ಡಿಲೀಟ್, 2 ಮತ್ತು 3 ಇದ್ದಲ್ಲೇ ಅಪ್‌ಡೇಟ್, 4 ಇನ್ಸರ್ಟ್, ಮಧ್ಯೆ ಎಲ್ಲೂ ಸುಳ್ಳು ಡೂಪ್ಲಿಕೇಟ್ ಹುಟ್ಟೋದೇ ಇಲ್ಲ. ಇಂಥದ್ದನ್ನ ಯೋಚನೆ ಮಾಡಿ ಕಟ್ಟಿದವರಿಗೆ ಒಂದು ದೊಡ್ಡ ನಮಸ್ಕಾರ. ಸಾರ್ಟ್‌ಗೆ ಖರ್ಚಿದೆ, ಇರ್ಲಿ. ಆದ್ರೆ ಸ್ಟೇಟ್‌ಮೆಂಟ್ ದಾಟಿ ಕಮಿಟ್‌ವರೆಗೂ ಮುಂದೂಡೋ ದಾರಿ ಇದರಲ್ಲಿ ಇಲ್ಲವೇ ಇಲ್ಲ, ಡಿಫರೆಬಲ್ ಅನ್ನೋದನ್ನ ಅವರು ಕೊಟ್ಟಿಲ್ಲ.

ಒರಾಕಲ್ ಎರಡೂ ಕೊಡುತ್ತೆ, ಡಿಫಾಲ್ಟ್ ಸ್ಟೇಟ್‌ಮೆಂಟ್ ಕೊನೇಲಿ, ಬೇಕಂದ್ರೆ ಡಿಫರೆಬಲ್. ಡಿಫರೆಬಲ್ ಅಂದ್ರೆ ಹಿಂದೆ ನಾನ್-ಯುನೀಕ್ ಇಂಡೆಕ್ಸ್ ಇಟ್ಕೊಂಡು ಸಂಭಾಳಿಸುತ್ತೆ. ಕಮಿಟ್ ಹೊತ್ತಲ್ಲಿ ಸಿಕ್ಕಿಬಿದ್ರೆ ಓಆರ್‌ಎ-02091, ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಯ್ತು ಅಂತ, ಅದರ ಕೆಳಗೆ ಓಆರ್‌ಎ-00001, ಯುನೀಕ್ ಮುರೀತು ಅಂತ. ಬರೀ ಮೊದಲನೇ ಸಾಲು ಲಾಗ್ ಮಾಡೋ ಅಪ್ಲಿಕೇಶನ್‌ಗಳಲ್ಲಿ ನಿಜವಾದ ಕಾರಣ ಕಾಣದೆ ಒದ್ದಾಡ್ಬೇಕಾಗುತ್ತೆ, ಎರಡನೇ ಸಾಲೂ ಬರೆಸ್ಕೊಳ್ಳಿ. ಈ ಒಂದು ವಿಷ್ಯದ ಮಟ್ಟಿಗೆ ಒರಾಕಲ್‌ಗೇ ಫಸ್ಟ್ ಪ್ರೈಜ್, ಲೈಸೆನ್ಸ್ ಮಾತು ಬೇರೆ.

ಮೈಎಸ್‌ಕ್ಯುಎಲ್, ಅದರ ಸ್ಟೋರೇಜ್ ಎಂಜಿನ್ ಇನ್ನೋಡಿಬಿ. ಇದೂ ರೋ ರೋಗೆ ಚೆಕ್, ಅವರ ಡಾಕ್ಯುಮೆಂಟೇಶನಲ್ಲೂ ಸ್ಟ್ಯಾಂಡರ್ಡ್ ಹಾಗಿಲ್ಲ ಅಂತ ಒಪ್ಕೊಂಡಿದಾರೆ. 1062 ಎರರ್ (ಡೂಪ್ಲಿಕೇಟ್ ಅಂತ ಬರೋದು) ನೋಡದೇ ಇರೋ ಮೈಎಸ್‌ಕ್ಯುಎಲ್ ಡೆವಲಪರ್ ಇಲ್ಲ ಅನ್ಕೋತೀನಿ. ಡಿಫರೆಬಲ್ ಇಲ್ಲ. ಬದಲಿಗೆ ಅಪ್‌ಡೇಟ್‌ಗೇ ಆರ್ಡರ್ ಬೈ ಹಾಕೋ ಸೌಲಭ್ಯ ಕೊಟ್ಟಿದಾರೆ, ಕ್ರಮ + 1 ಮಾಡೋವಾಗ ಆರ್ಡರ್ ಬೈ ಕ್ರಮ ಡೆಸ್ಕ್ ಅಂತ ಸೇರಿಸಿದ್ರೆ ದೊಡ್ಡದರಿಂದ ಶುರು ಮಾಡ್ಕೊಂಡು ಬರುತ್ತೆ, ಜಗಳ ಇಲ್ಲ. ಜುಗಾಡ್ ಅನ್ನಿ ಏನಾದ್ರೂ ಅನ್ನಿ, ಕನಿಷ್ಠ ಪ್ರತಿಸಲ ಒಂದೇ ಥರ ನಡ್ಕೊಳ್ಳುತ್ತಲ್ಲ, ಡಿಸ್ಕ್ ಮೇಲಿನ ಜಾತಕ ನೋಡ್ಬೇಕಾಗಿಲ್ಲ. ಆದ್ರೆ ಎರಡನ್ನ ಅದಲು ಬದಲು ಮಾಡೋಕೆ ಯಾವ ಆರ್ಡರೂ ಸಹಾಯ ಮಾಡಲ್ಲ, 2 ಮೊದಲು ಹೋದ್ರೂ 3 ಮೊದಲು ಹೋದ್ರೂ ಡಿಕ್ಕಿನೇ. ಒಂದನ್ನ ಖಾಲಿ ನಂಬರ್‌ಗೆ ಸರಿಸಿ, ಇನ್ನೊಂದನ್ನ ಸರಿಸಿ, ಮೊದಲನೇದನ್ನ ವಾಪಸ್ ತರಬೇಕು, ಮೂರು ಅಪ್‌ಡೇಟ್. ಇಲ್ಲೇ ಕೆಲವರು ಯುನೀಕ್-ಚೆಕ್ಸ್ ಅನ್ನೋ ವೇರಿಯಬಲ್‌ನ 0 ಮಾಡಿದ್ರೆ ಆಯ್ತಲ್ಲ ಅಂತ ಐಡಿಯಾ ಕೊಡ್ತಾರೆ, ದಯವಿಟ್ಟು ಕೇಳ್ಬೇಡಿ. ಅದು ಮುಂದೂಡೋ ಸ್ವಿಚ್ ಅಲ್ಲ, ದೊಡ್ಡ ಇಂಪೋರ್ಟ್ ಬೇಗ ಆಗ್ಲಿ ಅಂತ ಸೆಕೆಂಡರಿ ಇಂಡೆಕ್ಸ್ ಚೆಕ್‌ನ ಬಿಟ್ಟುಬಿಡೋಕೆ ಅನುಮತಿ ಕೊಡೋದು, ಡೇಟಾದಲ್ಲಿ ಡೂಪ್ಲಿಕೇಟ್ ಇಲ್ಲ ಅಂತ ನಿಮಗೆ ಮೊದಲೇ ಖಾತ್ರಿ ಇದ್ದಾಗ ಮಾತ್ರ. ಆಮೇಲೆ ಚೆಕ್ ಮಾಡ್ತೀನಿ ಅಂತ ಅದು ಎಲ್ಲೂ ಹೇಳಿಲ್ಲ, ಚೆಕ್ ಮಾಡೋದೇ ಇಲ್ಲ ಅಂತಲೂ ಹೇಳಿಲ್ಲ. ಎರಡೂ ಕಡೆ ನಂಬೋ ಹಾಗಿಲ್ಲ.

ಎಸ್‌ಕ್ಯುಲೈಟ್ ಕೂಡ ರೋ ರೋಗೆ. ಫಾರಿನ್ ಕೀನ ಡಿಫರ್ ಮಾಡೋಕೆ ಬಿಡುತ್ತೆ, ಯುನೀಕ್‌ನ ಬಿಡಲ್ಲ. ಇದ್ರಲ್ಲಿ ಅಪ್‌ಡೇಟ್ ಆರ್-ರಿಪ್ಲೇಸ್ ಅಂತ ಒಂದಿದೆ, ಹೆಸರು ನೋಡಿ ಆಸೆ ಪಡ್ಬೇಡಿ. ಅದು ಡಿಕ್ಕಿ ಆದಾಗ ಎದುರಿಗಿರೋ ರೋನ ಅಳಿಸಿ ಹಾಕುತ್ತೆ. ಎರಡು ಹಾಡು ಅದಲು ಬದಲು ಮಾಡೋಕೆ ಹೋಗಿ ಒಂದು ಹಾಡೇ ಮಾಯ, ಎರರ್ ಕೂಡ ಇಲ್ಲ! ಚಿಕ್ಕ ಡೇಟಾಬೇಸ್, ಅದರ ಕೆಲಸಕ್ಕೆ ಅದು ಸರಿ, ಸ್ಟಾರ್ ಕಟ್ ಮಾಡೋ ಮನಸ್ಸಿಲ್ಲ.

ಇಂಥ ಕಡೆಯೆಲ್ಲ ನಡೆಯೋ ಒಂದು ಹಳೇ ಉಪಾಯ ಅಂದ್ರೆ ಮೈನಸ್. ಮೊದಲ ಅಪ್‌ಡೇಟಲ್ಲಿ ಕ್ರಮ = -(ಕ್ರಮ + 1), ಎಲ್ಲಾ ನೆಗೆಟಿವ್ ಕಡೆಗೆ ಹೋಯ್ತು, ಅಲ್ಲಿ ಯಾರೂ ಇರಲ್ಲ. ಎರಡನೇದರಲ್ಲಿ ಸೊನ್ನೆಗಿಂತ ಕಮ್ಮಿ ಇರೋದಕ್ಕೆಲ್ಲ ಕ್ರಮ = -ಕ್ರಮ. ಒಂದೇ ಟ್ರಾನ್ಸಾಕ್ಷನಲ್ಲಿ ಮಾಡಿದ್ರೆ ಹೊರಗಿನವರಿಗೆ ಮಧ್ಯದ ಸ್ಥಿತಿ ಕಾಣಲ್ಲ. ಕೆಲಸ ಆಗುತ್ತೆ, ಆದ್ರೆ ಪ್ರತಿ ರೋನೂ ಎರಡೆರಡು ಸಲ ಬರೀಬೇಕು, ಪೋಸ್ಟ್‌ಗ್ರೆಸ್‌ನಲ್ಲಾದ್ರೆ ಸತ್ತ ರೋಗಳೂ ಡಬಲ್, ಮತ್ತೆ ಯಾರಾದ್ರೂ ಕ್ರಮ > 0 ಅಂತ ಚೆಕ್ ಕನ್‌ಸ್ಟ್ರೈಂಟ್ ಹಾಕಿದ್ರೆ ಅಲ್ಲಿಗೇ ಬಂದ್. ಪೋಸ್ಟ್‌ಗ್ರೆಸ್‌ನಲ್ಲಿ ಚೆಕ್‌ನ ಡಿಫರ್ ಮಾಡೋಕೆ ಬರಲ್ಲ ಅನ್ನೋದೂ ನೆನಪಿರ್ಲಿ.

ಇನ್ನು ಕೆಲವರು ಈ ಯುನೀಕ್ ಸಹವಾಸವೇ ಬೇಡ, ಅಪ್ಲಿಕೇಶನಲ್ಲಿ ಮೊದಲು ಸೆಲೆಕ್ಟ್ ಮಾಡಿ ಇಲ್ದಿದ್ರೆ ಇನ್ಸರ್ಟ್ ಮಾಡ್ತೀವಿ ಅಂತಾರೆ. ಇಬ್ಬರು ಒಂದೇ ಕ್ಷಣಕ್ಕೆ ಸೆಲೆಕ್ಟ್ ಮಾಡ್ತಾರೆ, ಇಬ್ಬರಿಗೂ ಇಲ್ಲ ಅಂತ ಉತ್ತರ, ಇಬ್ಬರೂ ಇನ್ಸರ್ಟ್ ಮಾಡ್ತಾರೆ. ರೀಡ್ ಕಮಿಟೆಡ್‌ನಲ್ಲಿ (ಬೇರೆಯವರು ಕಮಿಟ್ ಮಾಡಿದ್ದು ಮಾತ್ರ ಕಾಣೋ ಮಟ್ಟ) ಇದನ್ನ ತಡೆಯೋಕೆ ಯಾರೂ ಇಲ್ಲ. ಮುಂದಕ್ಕೆ ಮಾತಾಡೋ ವಿಷ್ಯವೇ ಅಲ್ಲ ಇದು.

ನಂಬರ್ ಮಧ್ಯೆ ಜಾಗ ಬಿಟ್ಟು 10, 20, 30 ಅಂತ ಕೊಡೋದು ಒಳ್ಳೇ ಐಡಿಯಾ, ಪಟ್ಟಿ ಉದ್ದ ಇದ್ದು ದಿನಕ್ಕೆ ನೂರು ಸಲ ಸರಿಸೋರಿದ್ರೆ ಡಿಫರೆಬಲ್‌ಗಿಂತ ಇದೇ ಬೆಸ್ಟ್, ಒಂದೇ ರೋ ಬದಲಾಗುತ್ತೆ. ಆದ್ರೂ ಜಾಗ ಮುಗಿದು ಎಲ್ಲ ಮತ್ತೆ ನಂಬರ್ ಹಾಕೋ ದಿನ ಬಂದೇ ಬರುತ್ತೆ, ಆ ದಿನ ನಿಮಗೆ ಡಿಫರೆಬಲ್ ನೆನಪಾಗುತ್ತೆ.

ಈಗಾಗ್ಲೇ ಇರೋ ಯುನೀಕ್‌ನ ಬದಲಾಯಿಸೋರಿಗೆ: ಆಲ್ಟರ್ ಕನ್‌ಸ್ಟ್ರೈಂಟ್ ಅಂತ ಕಮಾಂಡ್ ಇದೆ, ಡಿಫರೆಬಲ್ ಮಾಡೋಕೆ ಅದು ಫಾರಿನ್ ಕೀಗೆ ಮಾತ್ರ ನಡೆಯುತ್ತೆ, ಯುನೀಕ್‌ಗೆ ಕೆಲಸ ಮಾಡಲ್ಲ. ಹಳೇದನ್ನ ಡ್ರಾಪ್ ಮಾಡಿ ಹೊಸದು ಸೇರಿಸ್ಬೇಕು. ದೊಡ್ಡ ಟೇಬಲ್ ಮೇಲೆ ಸುಮ್ನೆ ಹಾಗೆ ಮಾಡಿದ್ರೆ ಇಂಡೆಕ್ಸ್ ಕಟ್ಟಿ ಮುಗಿಯೋವರೆಗೂ ಟೇಬಲ್ ಲಾಕ್, ಓದೋರೂ ನಿಂತ್ಕೋಬೇಕು. ಅದರ ಬದಲು ಮೊದಲು ಬೇರೆ ಹೆಸರಲ್ಲಿ ಕ್ರಿಯೇಟ್ ಯುನೀಕ್ ಇಂಡೆಕ್ಸ್ ಕನ್‌ಕರೆಂಟ್ಲಿ ಅಂತ, ಟೇಬಲ್ ಬಳಕೆ ನಿಲ್ಲಿಸದೆ, ನಿಧಾನಕ್ಕೆ ಕಟ್ಟಿಸ್ಕೊಳ್ಳಿ, ಆಮೇಲೆ ಒಂದೇ ಟ್ರಾನ್ಸಾಕ್ಷನಲ್ಲಿ ಹಳೇ ಕನ್‌ಸ್ಟ್ರೈಂಟ್ ಡ್ರಾಪ್ ಮಾಡಿ, ಆಡ್ ಕನ್‌ಸ್ಟ್ರೈಂಟ್ ಯುನೀಕ್ ಯೂಸಿಂಗ್ ಇಂಡೆಕ್ಸ್, ಕೊನೇಲಿ ಡಿಫರೆಬಲ್ ಇನಿಶಿಯಲಿ ಇಮೀಡಿಯೇಟ್. ಲಾಕ್ ಹಿಡಿಯೋದು ಕಣ್ಣು ಮಿಟುಕಿಸೋ ಅಷ್ಟು ಹೊತ್ತು. ಮಾಡೋಕೂ ಮುಂಚೆ ಕೋಡಲ್ಲೆಲ್ಲ ಆನ್ ಕಾನ್‌ಫ್ಲಿಕ್ಟ್ ಅಂತ ಹುಡುಕಿ, ಆ ಕಾಲಂ ಮೇಲೆ ಅಪ್‌ಸರ್ಟ್ ಎಲ್ಲಾದ್ರೂ ಇದ್ರೆ ಅದು ಡಿಪ್ಲಾಯ್ ಆದ ನಿಮಿಷದಿಂದ ಮುರಿದು ಬೀಳುತ್ತೆ.